ಎಡಗೈಯ ಜಾಣತನ

ನನ್ನ ನಾದಿನಿಗೆ ನಮ್ಮ ಬೀದಿಯಲ್ಲಿ ಗಿರಣಿ ಎಂದೇ ಹೆಸರು. ಬಾಯಿ ಶುರುವಾಯಿತೆಂದರೆ ಹಾಕಿದ್ದೆಲ್ಲ ಹಿಟ್ಟಾಗುವವರೆಗೆ ನಿಲ್ಲುವುದಿಲ್ಲ. ಹೆಸರಿಟ್ಟವಳು ನಾನೇ, ಅದು ಅವಳಿಗೂ ಗೊತ್ತು. ನಾವಿಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸುತ್ತೇವೆ. ಕತ್ತರಿಸುವುದು ನನ್ನ ಕೆಲಸ, ಹೊಲಿಯುವುದು ಅವಳದು. ಉದ್ದನೆಯ ಮೇಜು, ಎರಡು ಮಷಿನ್ನು, ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಚಿಂದಿಯ ರಾಶಿ, ಅಷ್ಟೇ ನಮ್ಮ ಸಾಮ್ರಾಜ್ಯ. ಅದರಲ್ಲೇ ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ಜಗಳ. ತೋಳು ಗಿಡ್ಡ ಕತ್ತರಿಸಿದ್ದೀಯ ಎಂದು ಅವಳು, ಹೊಲಿಗೆ ಎಳೆದುಕೊಂಡಿದೆ ಎಂದು ನಾನು. ಅಳತೆ ಕೊಡಲು ಬಂದವರು ಕೆಲಸ ಮುಗಿದರೂ ಹೋಗದೆ ನಮ್ಮ ಮಾತು ಕೇಳುತ್ತ ನಿಂತಿರುತ್ತಾರೆ. ನಾನು ಅವಳ ಅಣ್ಣನ ಹೆಂಡತಿ, ಲೆಕ್ಕಕ್ಕೆ ದೊಡ್ಡವಳು. ಆದರೆ ಇಬ್ಬರದೂ ಒಂದೇ ವಯಸ್ಸಾದ್ದರಿಂದ ಬಹುವಚನದ ಗೋಜಿಗೆ ಅವಳು ಹೋದವಳೇ ಅಲ್ಲ.

ಇವತ್ತು ನಾನು ನೆಟ್ಟಗೆ ಕೂತು ಇದನ್ನು ಹೇಳುತ್ತಿದ್ದೇನೆಂದರೆ ಅದಕ್ಕೆ ಆ ಗಿರಣಿಯೇ ಕಾರಣ. ಅವಳ ಮುಂದೆ ಹೇಳಿದರೆ ತಲೆ ಮೇಲೆ ಕೂರುತ್ತಾಳೆ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅವತ್ತು ಎದ್ದಾಗಿನಿಂದಲೇ ನನಗೆ ತಲೆ ಭಾರ, ಹೊಟ್ಟೆಯಲ್ಲಿ ತೊಳಸು. ನಮ್ಮ ಯಜಮಾನರು ಬಸ್ಸು ಓಡಿಸುವವರು, ಡ್ಯೂಟಿಗೆ ಹೊರಟು ನಿಂತಿದ್ದರು. "ನಿದ್ದೆ ಸಾಲದು ನಿಂಗೆ, ಸ್ವಲ್ಪ ಹೊತ್ತು ಮಲಕ್ಕೋ" ಎಂದರು. ಮಲಗಲಿಲ್ಲ, ಅಂಗಡಿಗೆ ಹೋದೆ. ಅಲ್ಲಿ ಕೋಟು ಹೊಲಿಸಲು ಬಂದಿದ್ದ ಟೀಚರಮ್ಮ ನನ್ನ ಮುಖ ನೋಡಿ, "ಈ ವಯಸ್ಸಲ್ಲಿ ನಮಗೆಲ್ಲ ಹೀಗೇ ಕಣ್ರೀ, ಮೈ ಬಿಸಿಯಾಗತ್ತೆ, ತಲೆ ತಿರುಗತ್ತೆ" ಎಂದರು. ನನಗೂ ಅದೇ ಸರಿಯೆನಿಸಿತು. ಹೆಂಗಸಿನ ಮೈಗೆ ಏನೇ ಆದರೂ ಎಲ್ಲರ ಹತ್ತಿರ ಒಂದೊಂದು ಉತ್ತರ ತಯಾರಾಗಿರುತ್ತದೆ, ಆ ಹೆಂಗಸಿನ ಹತ್ತಿರವೂ. ಟೀಚರಮ್ಮ ಹೋದರು. ನಾನು ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆ ಬಟ್ಟೆ ದಾಟಿ ಮೇಜಿನ ಅಂಚಿಗೆ ಹೋಯಿತು.

"ಏನತ್ತಿಗೆ, ಕಣ್ಣು ಮನೇಲಿ ಬಿಟ್ಟು ಬಂದ್ಯಾ?" ಎಂದಳು ಗಿರಣಿ. "ಹೀಗೆ ಕತ್ತರಿಸಿದ್ರೆ ಇದನ್ನ ಟೀಚರಮ್ಮ ಹಾಕ್ಕೊಳಲ್ಲ, ಅವರ ಮನೆ ಕಿಟಕಿಗೆ ಹಾಕ್ಬೇಕು."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಹೊರಗೆ ಬರಲಿಲ್ಲ. ಅವಳು ಇನ್ನೊಂದು ಅಂದಳು, ಈ ಸಲ ನನ್ನ ತವರಿನವರನ್ನೂ ಸೇರಿಸಿ. ಅದಕ್ಕೂ ನಾನು ಸುಮ್ಮನಿದ್ದೆ. ಮಷಿನ್ನಿನ ಸದ್ದು ನಿಂತಿತು. ಅವಳು ಎದ್ದು ಬಂದು ನನ್ನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ಅತ್ತಿಗೆ, ಬೈಯಿ ನನ್ನ. ಒಂದೇ ಒಂದ್ಸಲ ಬೈಯೇ."

ನನ್ನ ಬಾಯಿಂದ ಬಂದದ್ದು ಮಾತಲ್ಲ, ಎಂಥದೋ ಸದ್ದು. ಬಲಗೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಅಂಗಡಿಯ ಬಾಗಿಲನ್ನೂ ಹಾಕದೆ ಅವಳು ನನ್ನನ್ನು ತಬ್ಬಿಕೊಂಡೇ ಬೀದಿಗೆ ಎಳೆದುತಂದು, ಸಿಕ್ಕ ಗಾಡಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಜನವೋ ಜನ. ಡಾಕ್ಟರು ಇನ್ನೂ ಎಳೆಯರು, ನಿದ್ದೆಗೆಟ್ಟ ಕಣ್ಣು. ನಾಡಿ ನೋಡಿದರು, ಬಿಪಿ ನೋಡಿದರು. "ಮನೇಲಿ ಏನಾದ್ರೂ ಜಗಳ ಆಯ್ತಾ? ಟೆನ್ಷನ್ ಇದ್ಯಾ? ಹೆಂಗಸರಿಗೆ ಕೆಲವು ಸಲ ಟೆನ್ಷನ್‌ಗೆ ಹೀಗೆ ಮಾತು ನಿಂತುಬಿಡತ್ತೆ. ಸ್ವಲ್ಪ ಹೊತ್ತು ಮಲಗಿರ್ಲಿ, ನೋಡೋಣ" ಎಂದರು. ಅದೇ ಹೊತ್ತಿಗೆ ಪಕ್ಕದ ಮಂಚಕ್ಕೆ ಒಬ್ಬ ಗಂಡಸನ್ನು ತಂದರು. ಬಲಗೈ ಬಿದ್ದುಹೋಗಿದೆ ಎಂದು ಅವರ ಹೆಂಡತಿ ಹೇಳಿ ಮುಗಿಸುವುದರೊಳಗೆ ಮಂಚದ ಸಮೇತ ಅವರನ್ನು ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ಮಲಗಿದಲ್ಲಿಂದಲೇ ನಾನು ಅದನ್ನು ನೋಡಿದೆ. ಕೇಳೋಣವೆಂದರೆ ನನಗೆ ಬಾಯಿಲ್ಲ.

ಬಾಯಿದ್ದವಳು ಪಕ್ಕದಲ್ಲೇ ಇದ್ದಳಲ್ಲ, ಶುರುಮಾಡಿದಳು. "ಜಗಳ ಆಗಿಲ್ಲ ಡಾಕ್ಟ್ರೇ, ಅದೇ ನನ್ನ ಕಂಪ್ಲೇಂಟು! ಇವಳ ತವರುಮನೆಯವರ ಬಗ್ಗೆ ಅಂದೆ, ತಿರುಗಿ ಒಂದು ಮಾತಿಲ್ಲ. ಇವಳು ನಮ್ಮನೆಗೆ ಬಂದಾಗಿನಿಂದ ಹೀಗಾಗಿಲ್ಲ. ಇದಕ್ಕಿಂತ ದೊಡ್ಡ ಕಾಯಿಲೆ ಬೇಕಾ ನಿಮಗೆ? ಅವರಿಗೂ ಬಲಗೈ, ಇವಳಿಗೂ ಬಲಗೈ. ಎತ್ತಿ ನೋಡಿ ಬೇಕಾದ್ರೆ. ಎತ್ತಿ ನೋಡಿ ಅಂದ್ರೆ!"

ಡಾಕ್ಟರು ನನ್ನ ಬಲಗೈ ಎತ್ತಿ ಬಿಟ್ಟರು. ಅದು ದೊಪ್ಪನೆ ಹಾಸಿಗೆಯ ಮೇಲೆ ಬಿತ್ತು. ಅವರ ಮುಖದ ಬಣ್ಣವೇ ಬದಲಾಯಿತು. ಅಲ್ಲಿಂದ ಮುಂದೆ ಆ ಪುಣ್ಯಾತ್ಮ ಒಂದು ಚೂರೂ ತಡ ಮಾಡಲಿಲ್ಲ. ಮೆದುಳಿನಲ್ಲಿ ಕಟ್ಟಿಕೊಂಡಿದ್ದ ರಕ್ತದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡಲು ಇನ್ನೂ ಹೊತ್ತು ಮೀರಿರಲಿಲ್ಲ. ಮರುದಿನ ಅವರೇ ಬಂದು, "ನಿಮ್ಮ ನಾದಿನಿ ಕೂಗದೇ ಇದ್ದಿದ್ರೆ ನಾನು ತಪ್ಪು ಮಾಡ್ಬಿಡ್ತಿದ್ದೆ ಅಮ್ಮ" ಎಂದು ಹೇಳಿ ಹೋದರು. ಹಾಗೆ ಬಾಯಿಬಿಟ್ಟು ಹೇಳಲು ದೊಡ್ಡ ಮನಸ್ಸು ಬೇಕು. ಅವರನ್ನು ನೆನೆದಾಗಲೆಲ್ಲ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮಾತು ಆಸ್ಪತ್ರೆಯಲ್ಲಿರುವಾಗಲೇ ಮೆಲ್ಲಗೆ ಮರಳಿತು. ಕಾಲೂ ಒಂದಿಷ್ಟು ಎಳೆಯುತ್ತಾದರೂ ನಡೆಯಿತು. ಬಲಗೈ ಮಾತ್ರ ಬಾಡಿದ ಸೊಪ್ಪಿನ ಹಾಗೆ ಜೋಲಾಡುತ್ತಿತ್ತು. ಬೇರೆ ಕೆಲಸವಾಗಿದ್ದರೆ ಹೇಗೋ ಆಗುತ್ತಿತ್ತೇನೋ. ಆದರೆ ನಮ್ಮ ದೊಡ್ಡ ಕತ್ತರಿ ಬಲಗೈಗೆಂದೇ ಮಾಡಿದ್ದು. ಎಡಗೈಯಲ್ಲಿ ಹಿಡಿದರೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಬಲಗೈ ಬರದಿದ್ದರೆ ಆ ಮೇಜಿನ ಮುಂದೆ ನನ್ನ ಜಾಗವಿಲ್ಲ. ನನಗೆ ಬೇಕಾಗಿದ್ದದ್ದು ಆ ಜಾಗವೊಂದೇ.

ಮನೆಗೆ ಬಂದವಳೇ ಕೆಲಸಕ್ಕೆ ನಿಂತೆ. ಬೇರೆ ದಾರಿಯೂ ಇರಲಿಲ್ಲ. ಮನೆಯಲ್ಲಿ ಯಜಮಾನರು, ಕಿವಿ ಮಂದವಾದ ಮಾವ, ನಾನು; ನಾದಿನಿಯ ಮನೆ ಬೇರೆ. ಹಾಲು ಕಾಯಿಸುವುದು, ಬಟ್ಟೆ ಒಣಹಾಕುವುದು, ಮಾವನಿಗೆ ಹೊತ್ತುಹೊತ್ತಿಗೆ ಮಾತ್ರೆ, ಎಲ್ಲವನ್ನೂ ಎಡಗೈ ಕಲಿತುಕೊಂಡಿತು. ಈರುಳ್ಳಿಯನ್ನು ಮುಳ್ಳುಚಮಚದಿಂದ ಹಲಗೆಗೆ ಚುಚ್ಚಿ ನಿಲ್ಲಿಸಿ ಹೆಚ್ಚುವುದು, ಡಬ್ಬಿಯನ್ನು ಮೊಣಕಾಲ ನಡುವೆ ಒತ್ತಿ ಮುಚ್ಚಳ ತಿರುಗಿಸುವುದು, ಗುಂಡಿಯನ್ನು ಹಲ್ಲಿನಲ್ಲಿ ಎಳೆದು ಹಾಕಿಕೊಳ್ಳುವುದು. ನೋಡಿದವರೆಲ್ಲ ಬೆರಗಾದರು. ಯಜಮಾನರಂತೂ ಡಿಪೋದಲ್ಲಿ ಎಲ್ಲರಿಗೂ, "ನಮ್ಮ ಮನೆಯವಳಿಗೆ ಲಕ್ವ ಹೊಡೆದಿತ್ತು ಅಂದ್ರೆ ಯಾರೂ ನಂಬಲ್ಲ, ಎಲ್ಲ ಅವಳೇ ಮಾಡ್ತಾಳೆ" ಎಂದು ಹೇಳಿದ್ದೇ ಹೇಳಿದ್ದು. ನನಗೂ ಒಳಗೊಳಗೇ ಹೆಮ್ಮೆ.

ಅದೇ ಹೆಮ್ಮೆಯಲ್ಲಿ ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋಗಿಬರುತ್ತಿದ್ದೆ. ಅಲ್ಲಿ ಫಿಸಿಯೋಥೆರಪಿ ಮಾಡಿಸುವಾಕೆಯನ್ನು ನಾವೆಲ್ಲ ವ್ಯಾಯಾಮದಮ್ಮ ಎನ್ನುತ್ತಿದ್ದೆವು. ಅವತ್ತು ನನ್ನ ಪಕ್ಕದ ಮಂಚದಲ್ಲಿದ್ದ ಗಂಡಸೂ ಅಲ್ಲಿಗೆ ಬರುತ್ತಿದ್ದರು. ಅವರೊಬ್ಬ ಡ್ರಿಲ್ ಮೇಷ್ಟ್ರು. ಒಂದೇ ದಿನ ಬಿದ್ದವರು ನಾವು, ಇಬ್ಬರದೂ ಬಲಗೈ. ಅವರ ಪಕ್ಕದಲ್ಲಿ ಹೆಂಡತಿ ಕೂತು ಒಂದೊಂದೇ ಬೆರಳು ಬಿಡಿಸುತ್ತ, ಮಡಿಸುತ್ತ, "ಎತ್ತಿ, ಎತ್ತಿ, ಏನೂ ಆಗಲ್ಲ" ಎಂದು ಪ್ರಾಣ ತಿನ್ನುತ್ತಿದ್ದರು. ಮೇಷ್ಟ್ರಿಗೆ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಹೆಂಡತಿಯೇ ಹಾಕಬೇಕು. ಗಂಡಸರ ಹಣೆಬರಹವೇ ಇಷ್ಟು ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಒಂದು ದಿನ ತಪಾಸಣೆಗೆ ಬಂದ ದೊಡ್ಡ ಡಾಕ್ಟರು ಮೇಷ್ಟ್ರನ್ನು, "ಗ್ರೌಂಡಿಗೆ ಯಾವಾಗ ಹೋಗ್ತೀರಿ ಸಾರ್?" ಎಂದು ಕೇಳಿದರು. ನನ್ನ ಸರದಿ ಬಂದಾಗ, "ಅಡುಗೆಗಿಡುಗೆ ಮಾಡ್ಕೋತೀರಾ ಅಮ್ಮ?" ಎಂದರು. ಮಾಡ್ಕೋತೀನಿ ಎಂದೆ. "ಮತ್ತೇನು, ಹುಷಾರಾದ ಹಾಗೇ" ಎಂದು ಬೆನ್ನು ತಟ್ಟಿ ಮುಂದಕ್ಕೆ ಹೋದರು. ನಾನು ಯಾವಾಗ ಅಂಗಡಿಗೆ ಹೋಗುತ್ತೇನೆಂದು ಅವರು ಕೇಳಲೇ ಇಲ್ಲ.

ವ್ಯಾಯಾಮದಮ್ಮ ಮಾತ್ರ ಹಾಗೆ ಬಿಡಲಿಲ್ಲ. ನಮ್ಮಿಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಎರಡು ಖಾಲಿ ಲೋಟ ಇಟ್ಟು, ಬಲಗೈಯಲ್ಲಿ ಎತ್ತಿ ಎಂದರು. ಮೇಷ್ಟ್ರ ಕೈ ನಡುಗುತ್ತ ಹೋಗಿ ಲೋಟ ಹಿಡಿಯಿತು, ಎತ್ತಿಯೂ ಎತ್ತಿತು. ನನ್ನದು ಮಡಿಲಲ್ಲೇ ಮಲಗಿತ್ತು. ನಾನು ಯೋಚಿಸುವುದರೊಳಗೆ ಎಡಗೈ ಲೋಟ ಎತ್ತಿಬಿಟ್ಟಿತ್ತು.

"ನೀವು ತುಂಬಾ ಚೆನ್ನಾಗಿ ನಿಭಾಯಿಸ್ತಾ ಇದ್ದೀರಮ್ಮ. ಅದೇ ತೊಂದರೆ ಆಗಿರೋದು" ಎಂದರು ವ್ಯಾಯಾಮದಮ್ಮ. "ನಿಮ್ಮ ಎಡಗೈ ಬಲು ಜಾಣ. ಅದೇ ಎಲ್ಲ ಮಾಡಿಬಿಟ್ರೆ ಮೆದುಳು ಬಲಗೈನ ಮರೆತೇಬಿಡತ್ತೆ. ಇಲ್ಲಿಗೆ ಬರೋ ಹೆಂಗಸರಲ್ಲಿ ಎಷ್ಟೋ ಜನರದ್ದು ಇದೇ ಕತೆ. ಮನೇಲಿ ಕೆಲಸ ಕಾಯ್ತಾ ಇರತ್ತೆ, ಬಿದ್ದ ಕೈ ಏಳೋ ತನಕ ಕಾಯೋಕೆ ಪುರುಸೊತ್ತಿರಲ್ಲ. ಮೇಷ್ಟ್ರಿಗೆ ಪುರುಸೊತ್ತೂ ಇದೆ, ಪಕ್ಕದಲ್ಲಿ ಇವರೂ ಇದ್ದಾರೆ."

ಮೇಷ್ಟ್ರ ಹೆಂಡತಿ ನನ್ನ ಮುಖ ನೋಡಿ, "ನಂಗೇನಾದ್ರೂ ಇದು ಬಂದಿದ್ರೆ ನಾನೂ ನಿಮ್ಮ ಹಾಗೇ ಮಾಡ್ತಿದ್ದೆ ಕಣ್ರೀ" ಎಂದರು. ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಇನ್ನೂ ಹೊತ್ತು ಮೀರಿಲ್ಲ, ಆದರೆ ಹೀಗೇ ಬಿಟ್ಟರೆ ಕೈ ಹೋದಂತೆಯೇ ಎಂದು ವ್ಯಾಯಾಮದಮ್ಮ ಹೇಳಿದರು. ಹಗಲಲ್ಲಿ ಸುಮಾರು ಹೊತ್ತು ಎಡಗೈಗೆ ದಪ್ಪನೆಯ ಗವಸು ಹಾಕಿ ಕಟ್ಟಿಬಿಡಬೇಕು, ಏನೇ ಆದರೂ ಬಲಗೈಯಲ್ಲೇ ಮಾಡಬೇಕು. ಒಲೆ, ಬಿಸಿನೀರಿನ ಹತ್ತಿರ ಮಾತ್ರ ಸುಳಿಯಬಾರದು.

ಗವಸು ಹೊಲಿದವಳು ಗಿರಣಿಯೇ. ಹಳೆಯ ರಜಾಯಿಯ ತುಂಡು, ಕೋಟಿನ ಲೈನಿಂಗು ಸೇರಿಸಿ, ಬೆರಳುಗಳಿಗೆ ಜಾಗವೇ ಇಲ್ಲದ ಒಂದು ಚೀಲ. ಮಣಿಕಟ್ಟಿನ ಹತ್ತಿರ ಲಾಡಿ. ಹಾಕಿ ಗಂಟು ಬಿಗಿದು, "ಈಗ ಹೇಗೆ ಕಾಣ್ತೀಯ ಗೊತ್ತಾ? ಬಾಕ್ಸಿಂಗಿಗೆ ಹೊರಟ ಹಾಗೆ" ಎಂದಳು. ಹೊಡೆಯಬೇಕೆನಿಸಿತು.

ಮೊದಲ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಲೋಟ ಹಿಡಿದರೆ ಬೀಳುತ್ತಿತ್ತು, ಚಮಚ ಹಿಡಿದರೆ ಕೆನ್ನೆಗೆ ಹೋಗುತ್ತಿತ್ತು. ಅಡುಗೆಮನೆಯಲ್ಲಿ ಯಜಮಾನರು ಹಾಲು ಉಕ್ಕಿಸುತ್ತಿದ್ದರು, ಬ್ರೆಡ್ಡು ಸುಡುತ್ತಿದ್ದರು, ಪಾತ್ರೆಯನ್ನು ಒಂದು ಕಡೆ ಮಾತ್ರ ತೊಳೆಯುತ್ತಿದ್ದರು. ಪಾಪ, ದಿನವಿಡೀ ಬಸ್ಸು ಓಡಿಸಿ ಬಂದವರು. ಅದನ್ನು ನೋಡುತ್ತ ಕೂರುವುದಕ್ಕಿಂತ ಲಕ್ವವೇ ವಾಸಿ. ಅವರು ಒಂದು ಸಂಜೆ ಮೆಲ್ಲಗೆ, "ಅಂಗಡಿಗೆ ಬೇರೆ ಯಾರಾದ್ರೂ ಕಟ್ಟರ್ ನೋಡ್ತೀನಿ ಕಣೆ. ಇಷ್ಟು ವರ್ಷ ದುಡಿದಿದ್ದೀಯ, ಇನ್ನು ಮನೇಲಿ ಆರಾಮಾಗಿರು" ಎಂದರು. ಪ್ರೀತಿಯಿಂದಲೇ ಅಂದದ್ದು. ಮನೆಯಲ್ಲಿ ಆರಾಮಾಗಿರುವುದೆಂದರೆ ಏನೆಂದು ಹೆಂಗಸರಿಗಷ್ಟೇ ಗೊತ್ತು. ಆದರೂ ನಾನು ಸೋತುಬಿಟ್ಟೆ. ಲಾಡಿಯನ್ನು ಹಲ್ಲಿನಿಂದ ಬಿಚ್ಚಿ, ಎಡಗೈಯಲ್ಲಿ ಸರಸರನೆ ಅಡುಗೆ ಮುಗಿಸಿ, ನಾದಿನಿ ಬರುವ ಹೊತ್ತಿಗೆ ಗವಸು ತೂರಿಸಿಕೊಂಡು ಕೂರತೊಡಗಿದೆ. ಯಜಮಾನರಿಗೆ ಗೊತ್ತಿತ್ತು, ಆದರೆ ಬಿಸಿ ಊಟ ಸಿಗುತ್ತಿತ್ತಲ್ಲ, ಸುಮ್ಮನಿದ್ದರು.

ಒಂದು ದಿನ ಗಿರಣಿ ಅಂಗಡಿಯಿಂದ ಬೇಗ ಬಂದಳು. ಗವಸು ಕಿಟಕಿಯ ಮೇಲಿತ್ತು, ಈರುಳ್ಳಿ ಹಲಗೆಯ ಮೇಲಿತ್ತು, ಚಾಕು ನನ್ನ ಎಡಗೈಯಲ್ಲಿತ್ತು. ಬೈಗುಳ ಬರುತ್ತದೆಂದು ನಾನು ಕಾದೆ. ಅವಳು ನನ್ನನ್ನು ಬಿಟ್ಟು ಪೇಪರ್ ಓದುತ್ತಿದ್ದ ಯಜಮಾನರ ಮುಂದೆ ಹೋಗಿ ನಿಂತಳು.

"ಅಣ್ಣಾ, ಒಂದು ಕೇಳ್ತೀನಿ. ನಿಂಗೆ ಲಕ್ವ ಹೊಡೆದಿದ್ರೆ ನಿನ್ನ ಕೈ ಹಿಡ್ಕೊಂಡು ಯಾರು ಕೂರ್ತಿದ್ರು?"

ಯಜಮಾನರು ಪೇಪರ್ ಕೆಳಗಿಳಿಸಿದರು. "ಇನ್ಯಾರು, ಇವಳೇ."

"ಈಗ ಇವಳಿಗೇ ಹೊಡೆದಿದೆಯಲ್ಲ. ಯಾರು ಕೂತಿದ್ದಾರೆ?"

ಯಜಮಾನರು ಪೇಪರ್ ಮಡಿಸಿಟ್ಟರು. "ಕಟ್ಟರ್ ನೋಡ್ತೀಯಂತೆ, ನೋಡ್ಬೇಡ" ಎಂದಳು ಅವಳು. "ಬರ್ತೀನಿ ಅಂದವರನ್ನೆಲ್ಲ ನಾನೇ ವಾಪಸ್ ಕಳಿಸಿದ್ದೀನಿ. ಆ ಮೇಜಿನ ಮುಂದೆ ಬೇರೆಯವರನ್ನ ನಿಲ್ಸಿ ನಾನು ಹೊಲೀಲಾರೆ. ಗಿರಾಕಿ ಹೋದ್ರೆ ಹೋಗ್ಲಿ, ಇವಳು ಬರೋವರೆಗೂ ಕಾಯ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನೀನು ಬರಬೇಕು, ಅಷ್ಟೆ" ಎಂದು ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡಳು.

ಯಜಮಾನರು ಎದ್ದು ಬಂದರು. ನನ್ನ ಕೈಯಿಂದ ಚಾಕು ತೆಗೆದುಕೊಂಡರು. ಗವಸು ತಂದು ತಾವೇ ತೊಡಿಸಿ ಲಾಡಿ ಕಟ್ಟಿದರು. ಕಟ್ಟುವಾಗ ಅವರ ಕಣ್ಣು ಒದ್ದೆಯಾಗಿದ್ದು ನೋಡಿದೆ. ಈರುಳ್ಳಿಯದೆಂದು ಅವರು ಇವತ್ತಿಗೂ ಹೇಳುತ್ತಾರೆ, ಇರಲಿ. ಮರುವಾರ ಡಿಪೋದಲ್ಲಿ ಕೇಳಿ ಬೆಳಗಿನ ಪಾಳಿ ಹಾಕಿಸಿಕೊಂಡರು. ಮಧ್ಯಾಹ್ನ ಮನೆಗೆ ಬಂದವರು ನನ್ನ ಎದುರಿಗೆ ಕೂತು ಬೆರಳು ಬಿಡಿಸುತ್ತಿದ್ದರು. ಸ್ಟೀರಿಂಗ್ ಹಿಡಿದು ಒರಟಾದ ಅಂಗೈ, ಮೆತ್ತಗೆ ಹಿಡಿಯಲು ಅದಕ್ಕೆ ಬರುತ್ತಿರಲಿಲ್ಲ. ನೋವಾದರೂ ನಾನು ಹೇಳಲಿಲ್ಲ. ಮದುವೆಯಾದ ಹೊಸದರಲ್ಲೂ ಅವರು ಅಷ್ಟು ಹೊತ್ತು ನನ್ನ ಕೈ ಹಿಡಿದದ್ದು ನೆನಪಿಲ್ಲ. ಮಾವ ಸುಟ್ಟ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತ, "ಇವತ್ತು ಚೆನ್ನಾಗಿದೆ" ಎಂದು ದಿನಾ ಹೇಳುತ್ತಿದ್ದರು. ಡ್ರಿಲ್ ಮೇಷ್ಟ್ರು ವ್ಯಾಯಾಮದ ಕೋಣೆಯಲ್ಲಿ ನನ್ನ ಬೆರಳುಗಳಿಗೂ ಸೇರಿಸಿ "ಏಕ್... ದೋ" ಎಂದು ಮೈದಾನದ ಗಂಟಲಿನಲ್ಲಿ ಹೇಳುತ್ತಿದ್ದರು, ಇಡೀ ಕೋಣೆ ನಗುತ್ತಿತ್ತು. ಇಷ್ಟು ಜನ ನನ್ನ ಒಂದು ಕೈಗಾಗಿ ಕಾದರು. ಯಾರ್ಯಾರ ಋಣ ತೀರಿಸಲಿ?

ಗಿರಣಿ ಲಾಡಿ ಕಿತ್ತುಹಾಕಿ, ಗವಸನ್ನು ಭುಜದವರೆಗೆ ಉದ್ದ ಮಾಡಿ, ಬೆನ್ನ ಹಿಂದೆ ಹುಕ್ಕು ಇಟ್ಟಳು. ಅಲ್ಲಿಗೆ ನನ್ನ ಹಲ್ಲು ಹೋಗುವುದಿಲ್ಲವಲ್ಲ! ಮೊದಲು ಹೆಬ್ಬೆರಳು ಅಲುಗಾಡಿತು. ಆಮೇಲೆ ಗುಂಡಿ ಹೆಕ್ಕಲು ಬಂತು. ಹಣ್ಣಿನ ಸಿಪ್ಪೆ ಸುಲಿಯುವಾಗ ಒಮ್ಮೆ ಕೈ ತಾನಾಗಿಯೇ ಮುಂದೆ ಹೋಯಿತು, ನಾನು ಹೇಳದೆಯೇ. ಕೂಗಿ ಎಲ್ಲರನ್ನೂ ಕರೆದೆ.

ಕತ್ತರಿ ಹಿಡಿಯುವಷ್ಟು ಬಲ ಬರುವ ಹೊತ್ತಿಗೆ ಬಹಳ ತಿಂಗಳಾಗಿತ್ತು. ಅಂಗಡಿಗೆ ಹೋದೆ. ಮೇಜಿನ ಮೇಲೆ ಒಂದು ತೆಳು ಹಸಿರು ಬಟ್ಟೆ ಹಾಸಿತ್ತು. ಅಷ್ಟು ಒಳ್ಳೆಯ ಬಟ್ಟೆಯನ್ನು ನಾದಿನಿ ತನಗೆಂದು ಕೊಂಡದ್ದು ನಾನು ನೋಡಿರಲೇ ಇಲ್ಲ.

"ನಂಗೊಂದು ಅಂಗಿ. ಕತ್ತರಿಸು" ಎಂದಳು.

"ಯಾವುದಾದ್ರೂ ಹಳೇ ಚಾದರ ಕೊಡೇ. ಇದು ಹಾಳಾಗತ್ತೆ."

"ಚಾದರ ಹಾಳಾದ್ರೆ ನಿಂಗೇನು ಅನ್ಸತ್ತೆ? ಏನೂ ಅನ್ಸಲ್ಲ. ಕತ್ತರಿಸು ಸುಮ್ನೆ."

ಕತ್ತರಿಸಿದೆ. ಬೆವರು ಕಿತ್ತುಕೊಂಡು ಬಂತು. ಕಂಕುಳ ಸುತ್ತಿನಲ್ಲಿ ಕೈ ಎರಡು ಕಡೆ ಜಾರಿತು, ಒಂದು ಭುಜ ಇಳಿಜಾರಾಯಿತು. ಕೆಲಸ ಕಲಿಯುವವರು ಹಾಗೆ ಕತ್ತರಿಸಿದ್ದರೆ ನಾನೇ ಹೊರಗೆ ಕಳಿಸುತ್ತಿದ್ದೆ. ಹೊಲಿಗೆಯಲ್ಲಿ ಒಂದಿಷ್ಟು ಒಳಗೆ ಮಡಿಸಿದರೆ ಅದನ್ನೆಲ್ಲ ಮುಚ್ಚಬಹುದು, ಅವಳಿಗೆ ಅದು ನೀರು ಕುಡಿದಷ್ಟು ಸುಲಭ. ಅವಳು ಮುಚ್ಚಲಿಲ್ಲ. ನಾನು ಕತ್ತರಿಸಿದ ಅಂಚಿನಲ್ಲೇ, ಒಂದು ಎಳೆ ಆಚೀಚೆ ಮಾಡದೆ, ಹೊಲಿದಳು.

ಮರುದಿನ ಅದನ್ನೇ ತೊಟ್ಟುಕೊಂಡು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಹೊಲಿಗೆಯವರು ತೊಟ್ಟ ಬಟ್ಟೆಯನ್ನು ನೋಡಿಯೇ ಗಿರಾಕಿಗಳು ಒಳಗೆ ಬರಬೇಕೋ ಬೇಡವೋ ಎಂದು ತೀರ್ಮಾನಿಸುವುದು. "ಬಿಚ್ಚೇ ಅದನ್ನ, ಮಾನ ಹೋಗತ್ತೆ" ಎಂದು ಬೇಡಿಕೊಂಡೆ, ಕೇಳಲಿಲ್ಲ. ಅಷ್ಟರಲ್ಲಿ ಹೊಸದಾಗಿ ಬೀದಿಗೆ ಬಂದಿದ್ದ ಒಬ್ಬ ಹೆಂಗಸು ಬಟ್ಟೆಯ ಗಂಟು ಹಿಡಿದು ಬಂದವಳು ಮೆಟ್ಟಿಲಲ್ಲೇ ನಿಂತಳು.

"ಇದೇನ್ರೀ, ಒಂದು ಭುಜ ಮೇಲೆ, ಒಂದು ಕೆಳಗೆ? ಯಾರು ಕತ್ತರಿಸಿದ್ದು ಇದನ್ನ?"

ನಾದಿನಿ ಕನ್ನಡಿಯ ಮುಂದೆ ಹೋಗಿ ಒಂದು ಸುತ್ತು ತಿರುಗಿದಳು.

"ನಮ್ಮತ್ತಿಗೆ" ಎಂದಳು. "ಬಲಗೈಯಲ್ಲಿ!"

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಎದ್ದು ಆ ಹೆಂಗಸಿನ ಅಳತೆ ತೆಗೆದುಕೊಂಡೆ.